‘ಹಾ ಡೆ ಈ ಸಾಯ್’: ಡ್ಯಾನಿಶ್‌ನ ಒಂದು ಪುಟ್ಟ ನುಡಿಗಟ್ಟು, ಪದೇ ಪದೇ ಕೇಳುವ ಪ್ರಶ್ನೆಗಳು

ಡೆನ್ಮಾರ್ಕಿಗೆ ಬಂದ ಕನ್ನಡದವರು ಸಿಕ್ಕಾಗಲೆಲ್ಲ ಮಾತು ಹವಾಮಾನದಲ್ಲಿ ಶುರುವಾಗಿ ಡ್ಯಾನಿಶ್ ಭಾಷೆಯ ಕಷ್ಟದಲ್ಲಿ ಮುಗಿಯುತ್ತದೆ. ಅದರಲ್ಲೂ ಈ ಒಂದು ನುಡಿಗಟ್ಟಿನ ಬಗ್ಗೆ ನನ್ನನ್ನು ಕೇಳಿದವರು ಬಹಳ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಅನ್ನಿಸಿತು. ಡ್ಯಾನಿಶ್ ಪದಗಳನ್ನೆಲ್ಲ ಕಿವಿಗೆ ಬೀಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಡ್ಯಾನಿಶ್ ಉಚ್ಚಾರಣೆಯನ್ನು ಯಾವ ಲಿಪಿಯಲ್ಲಿ ಬರೆದರೂ ಸ್ವಲ್ಪ ಸುಳ್ಳೇ, ಅವರ ಸ್ವಂತ ಲಿಪಿಯಲ್ಲಿ ಬರೆದರೂ ಅಷ್ಟೇ.

ಮೊದಲು ಹೇಳಿ, ಈ ನುಡಿಗಟ್ಟಿನ ಅರ್ಥ ಏನು?

‘ಹಾನ್ ಹಾ ಡೆ ಈ ಸಾಯ್.’ ಬಿಡಿಸಿದರೆ: ಹಾನ್ ಅಂದರೆ ಅವನು, ಹಾ ಅಂದರೆ ಹೊಂದಿದ್ದಾನೆ, ಡೆ ಅಂದರೆ ಅದು, ಈ ಅಂದರೆ ಒಳಗೆ, ಸಾಯ್ ಅಂದರೆ ತನ್ನನ್ನು. ‘ಅವನು ತನ್ನೊಳಗೆ ಅದನ್ನು ಇಟ್ಟುಕೊಂಡಿದ್ದಾನೆ.’ ಏನನ್ನು? ಅದನ್ನು ಹೇಳುವುದೇ ಇಲ್ಲ. ಸಂದರ್ಭ ನೋಡಿ ನೀವೇ ತಿಳಿದುಕೊಳ್ಳಬೇಕು: ಶಕ್ತಿ, ಕಲೆ, ಧೈರ್ಯ, ಗೆಲ್ಲುವ ತಾಕತ್ತು, ಯಾವುದಾದರೂ ಆಗಬಹುದು. ‘ಅವನಲ್ಲಿ ಅದು ಇದೆ’, ‘ಅವನಿಗೆ ಆ ತಾಕತ್ತಿದೆ’ ಅಂತ ನಾವು ಹೇಳುವ ಜಾಗದಲ್ಲಿ ಅವರು ಇದನ್ನು ಹೇಳುತ್ತಾರೆ. ಇನ್ನೂ ಹೊರಗೆ ಕಾಣಿಸದಿದ್ದರೂ ಒಳಗೆ ಇದೆ ಅನ್ನುವುದೇ ಇದರ ಜೀವಾಳ.

‘ಸಾಯ್’ ಅಂದರೆ ನಮ್ಮ ‘ಸಾಯಿ’ ಥರ ಕೇಳಿಸುತ್ತದಲ್ಲ?

ಹೌದು, ಎಲ್ಲ ಕನ್ನಡದವರೂ ಮೊದಲು ನಗುವುದು ಇಲ್ಲೇ. ತರಗತಿಯಲ್ಲಿ ಟೀಚರ್ ಬೋರ್ಡಿನ ಮೇಲೆ ಕಡ್ಡಿ ತೋರಿಸಿ ‘ಸಾಯ್’ ಅಂತ ಮೂರು ಸಲ ಹೇಳಿಸಿದಾಗ ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಪೋಲೆಂಡಿನ ಹುಡುಗಿಗೆ ಏನಾಯಿತೆಂದು ವಿವರಿಸಲು ಹೋಗಿ ಇಬ್ಬರೂ ಬೈಸಿಕೊಂಡೆವು.

ಆದರೆ ಈ ನಗುವಿನಿಂದ ಒಂದು ಲಾಭವಿದೆ. ಪದ ಜನ್ಮದಲ್ಲಿ ಮರೆಯುವುದಿಲ್ಲ. ‘ಮಾಯ್, ಡಾಯ್, ಸಾಯ್’, ಈ ಮೂರನ್ನು ಒಂದೇ ಉಸಿರಲ್ಲಿ ಹೇಳಿ. ನನ್ನನ್ನು, ನಿನ್ನನ್ನು, ತನ್ನನ್ನು. ಪ್ರಾಸ ತಾನಾಗಿಯೇ ಬರುತ್ತದೆ.

ಬರೆಯುವುದು ಎಸ್-ಐ-ಜಿ. ಅದು ‘ಸಿಗ್’ ಆಗಬೇಕಲ್ಲವೇ?

ಬರೆದಂತೆ ಓದುವ ಭಾಷೆಯಿಂದ ಬಂದವರಿಗೆ ಡ್ಯಾನಿಶ್ ಕೊಡುವ ಮೊದಲ ಪೆಟ್ಟು ಇದು. ಎಂ-ಐ-ಜಿ ಬರೆದು ‘ಮಾಯ್’, ಡಿ-ಐ-ಜಿ ಬರೆದು ‘ಡಾಯ್’. ‘ನಾನು’ ಅನ್ನುವುದನ್ನು ಜೆ-ಇ-ಜಿ ಎಂದು ಬರೆದು ‘ಯಾಯ್’ ಅನ್ನುತ್ತಾರೆ. ಇನ್ನೂ ತಮಾಷೆ ಎಂದರೆ ಅದೇ ಎಸ್-ಐ-ಜಿ ‘ಹೇಳು!’ ಎಂಬ ಅರ್ಥದಲ್ಲಿ ಬಂದರೆ ಅದರ ಉಚ್ಚಾರ ‘ಸೀ’. ಅಕ್ಷರ ಅದೇ, ಪದ ಬೇರೆ, ಸದ್ದು ಬೇರೆ.

‘ಹಾ’ ಎಂಬ ಕ್ರಿಯಾಪದದ ಮೂಲರೂಪದ ಕಥೆಯೂ ಹೀಗೆಯೇ. ಬರೆಯುವುದು ಎಚ್-ಎ-ವಿ-ಇ. ಕ್ರಿಯಾಪದವಾದರೆ ‘ಹ್ಯಾ’ ಅಂತ ಗಂಟಲಲ್ಲೇ ನುಂಗಿಬಿಡುತ್ತಾರೆ. ಅದೇ ನಾಲ್ಕು ಅಕ್ಷರವನ್ನು ನುಂಗದೆ ಪೂರ್ತಿ ಬಿಡಿಸಿ ಹೇಳಿದರೆ ‘ತೋಟ’. ಭೂತಕಾಲದ ‘ಹ್ಯಾದ’ದಲ್ಲಿ ಬರುವ ದ ಇದೆಯಲ್ಲ, ಅದು ನಮ್ಮ ದ ಅಲ್ಲ. ನಾಲಿಗೆಯ ತುದಿ ಕೆಳಗಿನ ಹಲ್ಲಿನ ಹಿಂದೆ ಸುಮ್ಮನೆ ಮಲಗಿರುತ್ತದೆ, ಸದ್ದು ದ ಮತ್ತು ಲ ನಡುವೆ ಎಲ್ಲೋ ತೇಲುತ್ತದೆ. ನನ್ನ ಕಿವಿಗೆ ಮೊದಲ ಆರು ತಿಂಗಳು ಅದು ‘ಹ್ಯಾಲ’ ಎಂದೇ ಕೇಳಿಸುತ್ತಿತ್ತು. ಆಗ ಕೇಳಿದ್ದು ತಪ್ಪೂ ಅಲ್ಲ, ಸರಿಯೂ ಅಲ್ಲ.

ಒತ್ತು ಯಾವ ಪದದ ಮೇಲೆ?

‘ಈ’ ಮೇಲೆ. ‘ಹಾ ಡೆ ಈ ಸಾಯ್.’ ಉಳಿದದ್ದನ್ನೆಲ್ಲ ಹಗುರವಾಗಿ ಹಾರಿಸಿಬಿಡಿ.

ನಾನು, ನೀನು, ಅವಳು, ಅವರು ಅಂದಾಗ ಹೇಗೆ ಬದಲಾಗುತ್ತದೆ?

ಕ್ರಿಯಾಪದ ಬದಲಾಗುವುದೇ ಇಲ್ಲ. ಇದೊಂದು ದೊಡ್ಡ ಉಪಕಾರ. ಕನ್ನಡದಲ್ಲಿ ಇದ್ದೇನೆ, ಇದ್ದೀಯ, ಇದ್ದಾನೆ, ಇದ್ದಾಳೆ, ಇದ್ದಾರೆ ಅಂತ ಕಲಿಯುವವರನ್ನು ಕಾಡುತ್ತೇವಲ್ಲ, ಡ್ಯಾನಿಶ್‌ನಲ್ಲಿ ಎಲ್ಲಕ್ಕೂ ಒಂದೇ ‘ಹಾ’. ಬದಲಾಗುವುದು ಕೊನೆಯ ಪದ ಮಾತ್ರ:

ಯಾಯ್ ಹಾ ಡೆ ಈ ಮಾಯ್ (ನನ್ನಲ್ಲಿ ಅದಿದೆ)
ಡು ಹಾ ಡೆ ಈ ಡಾಯ್ (ನಿನ್ನಲ್ಲಿ ಅದಿದೆ)
ಹಾನ್ ಹಾ ಡೆ ಈ ಸಾಯ್, ಹುನ್ ಹಾ ಡೆ ಈ ಸಾಯ್ (ಅವನಲ್ಲಿ, ಅವಳಲ್ಲಿ)
ವೀ ಹಾ ಡೆ ಈ ಆಸ್ (ನಮ್ಮಲ್ಲಿ)
ಈ ಹಾ ಡೆ ಈ ಯೆರ್ (ನಿಮ್ಮೆಲ್ಲರಲ್ಲಿ)
ಡೀ ಹಾ ಡೆ ಈ ಸಾಯ್ (ಅವರಲ್ಲಿ)

ಐದನೆಯ ಸಾಲಿನಲ್ಲಿ ಎರಡು ‘ಈ’ ನೋಡಿ. ಮೊದಲನೆಯದು ‘ನೀವುಗಳು’, ಎರಡನೆಯದು ‘ಒಳಗೆ’. ಬರವಣಿಗೆಯಲ್ಲಿ ಗೊಂದಲ ಆಗದಿರಲೆಂದು ‘ನೀವುಗಳು’ ಅನ್ನುವ ಐ ಅಕ್ಷರವನ್ನು ವಾಕ್ಯದ ನಡುವೆ ಬಂದರೂ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ‘ನಾನು’ ಎಂಬುದನ್ನು ಮಾತ್ರ ಸಣ್ಣಕ್ಷರದಲ್ಲೇ. ಇಂಗ್ಲಿಷಿನಲ್ಲಿ ನಾನು ದೊಡ್ಡವನು, ಇಲ್ಲಿ ಎದುರಿಗಿರುವ ಗುಂಪು ದೊಡ್ಡದು.

‘ಹುನ್’ ಹೇಳುವಾಗ ಸ್ವಲ್ಪ ಹುಷಾರು. ಕೊನೆಯಲ್ಲಿ ಗಂಟಲು ಚಕ್ಕನೆ ಹಿಡಿದುಕೊಂಡರೆ, ಬಿಕ್ಕಳಿಕೆ ಅರ್ಧಕ್ಕೆ ನಿಂತ ಹಾಗೆ, ಅದು ‘ಅವಳು’ ಹೋಗಿ ‘ನಾಯಿ’ ಆಗುತ್ತದೆ. ಆ ಗಂಟಲಿನ ಹಿಡಿತಕ್ಕೆ ಅವರು ‘ಸ್ಟೋದ್’ ಅನ್ನುತ್ತಾರೆ. ‘ಅಮ್ಮ’ ಮತ್ತು ‘ಕೊಲೆ’ ಎಂಬ ಪದಗಳ ನಡುವೆಯೂ ಅಷ್ಟೇ ಅಂತರ.

‘ಹಾನ್ ಹಾ ಡೆ ಈ ಹಾಮ್’ ಅಂದರೆ ತಪ್ಪೇ? ಹಾಮ್ ಅಂದರೂ ‘ಅವನು’ ತಾನೆ?

ತಪ್ಪು. ಈ ವಿಷಯದಲ್ಲಿ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಸುಲಭ, ಆದರೆ ನಾವು ಇಂಗ್ಲಿಷ್ ದಾರಿಯಲ್ಲೇ ಯೋಚಿಸಿ ಎಡವುತ್ತೇವೆ. ‘ರಾಮ ತನ್ನ ತಮ್ಮನನ್ನು ಕರೆದ’ ಮತ್ತು ‘ರಾಮ ಅವನ ತಮ್ಮನನ್ನು ಕರೆದ’, ಇವೆರಡರ ವ್ಯತ್ಯಾಸ ನಮಗೆ ಯಾರೂ ಕಲಿಸಬೇಕಿಲ್ಲ. ಮೊದಲನೆಯದರಲ್ಲಿ ರಾಮನ ತಮ್ಮ, ಎರಡನೆಯದರಲ್ಲಿ ಇನ್ಯಾರದೋ ತಮ್ಮ ಇರಬಹುದು. ‘ಸಾಯ್’ ಈ ‘ತನ್ನ’ದ ಬಳಗದ್ದು, ‘ತನ್ನನ್ನು’. ‘ಹಾಮ್’ ಅಂದರೆ ‘ಅವನನ್ನು’. ಹಾಮ್ ಅಂದರೆ ಕೇಳಿದವರು ‘ಯಾವ ಇನ್ನೊಬ್ಬ?’ ಅಂತ ತಿರುಗಿ ನೋಡುತ್ತಾರೆ.

‘ತಾನು’ ಎಂಬ ಪದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಸಾಕು. ವ್ಯಾಕರಣದ ಪುಸ್ತಕದ ಎರಡು ಪುಟ ಉಳಿಯುತ್ತದೆ.

‘ನನ್ನಲ್ಲಿ ಅದಿಲ್ಲ’ ಅನ್ನುವುದು ಹೇಗೆ?

‘ಯಾಯ್ ಹಾ ಡೆ ಎಗ ಈ ಮಾಯ್.’ ‘ಎಗ’ ಅಂದರೆ ಇಲ್ಲ ಅಥವಾ ಅಲ್ಲ (ಬರೆಯುವುದು ಐ-ಕೆ-ಕೆ-ಇ, ಕೇಳಲೇಬೇಡಿ). ‘ಡೆ’ ಮೊದಲು, ‘ಎಗ’ ಆಮೇಲೆ. ‘ಯಾಯ್ ಹಾ ಎಗ ಡೆ’ ಅಂತ ಶುರು ಮಾಡಿದರೆ ಅರ್ಥವಾಗುತ್ತದೆ, ಆದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ. ‘ಡೆ’ ಥರದ ಒತ್ತಿಲ್ಲದ ಪುಟ್ಟ ಸರ್ವನಾಮ ‘ಎಗ’ವನ್ನು ದಾಟಿ ಮುಂದೆ ಬಂದು ನಿಲ್ಲುತ್ತದೆ. ಪ್ರತಿಭೆ, ಹಣ, ಸಮಯ ಅಂತ ನಾಮಪದ ಇದ್ದರೆ ದಾಟುವುದಿಲ್ಲ, ‘ಯಾಯ್ ಹಾ ಎಗ’ ಸರಿ.

ಭೂತಕಾಲದಲ್ಲಿ ಇದು ಬಹಳ ಕಿವಿಗೆ ಬೀಳುತ್ತದೆ: ‘ಯಾಯ್ ಟ್ರೋದ ಎಗ, ಡು ಹ್ಯಾದ ಡೆ ಈ ಡಾಯ್.’ ನಿನ್ನಲ್ಲಿ ಇದು ಇದೆ ಅಂತ ನಾನು ಅಂದುಕೊಂಡಿರಲಿಲ್ಲ. ಒಂದೇ ವಾಕ್ಯ ಬಾಯಿಪಾಠ ಮಾಡುವುದಾದರೆ ಇದನ್ನೇ ಮಾಡಿ.

‘ಕ್ಯಾನ್’ ಅನ್ನುವ ಪದ ಇದೆಯಲ್ಲ, ಅದನ್ನೇ ಬಳಸಿದರೆ ಸಾಲದೇ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಯಾಕೆಂದರೆ ಇಡೀ ನುಡಿಗಟ್ಟಿನ ಗುಟ್ಟು ಇಲ್ಲಿದೆ.

ಕನ್ನಡದಲ್ಲಿ ನಾವು ಸಾಮರ್ಥ್ಯವನ್ನು ಹೇಗೆ ಹೇಳುತ್ತೇವೆ, ಯೋಚಿಸಿ ನೋಡಿ. ‘ನನಗೆ ಈಜು ಬರುತ್ತೆ.’ ಈಜು ಎಲ್ಲಿಂದಲೋ ನಡೆದುಕೊಂಡು ನನ್ನ ಹತ್ತಿರ ಬಂದಿದೆ. ‘ನನ್ನ ಕೈಲಿ ಆಗುತ್ತೆ’, ‘ನನ್ನ ಕೈಲಾಗಲ್ಲ.’ ತಾಕತ್ತು ಇರುವುದು ಕೈಯಲ್ಲಿ. ಓಡುವುದಕ್ಕೂ ‘ಕೈಲಾಗಲ್ಲ’, ದುಃಖ ತಡೆಯುವುದಕ್ಕೂ ‘ಕೈಲಾಗಲ್ಲ’. ಎಂಬತ್ತು ವರ್ಷದ ಅಜ್ಜಿ ಮೆಟ್ಟಿಲ ಕೆಳಗೆ ನಿಂತು ‘ಕೈಲಾಗಲ್ಲ ಮಗ’ ಅನ್ನುವಾಗ ನೋವು ಇರುವುದು ಮಂಡಿಯಲ್ಲಿ. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ.

ಡ್ಯಾನಿಶ್‌ನ ‘ಕ್ಯಾನ್’ ನಮ್ಮ ‘ಬರುತ್ತೆ’ಗೆ ಬಹಳ ಹತ್ತಿರ. ‘ಯಾಯ್ ಕ್ಯಾನ್ ಡ್ಯಾನ್ಸ್ಕ್’ ಅಂದರೆ ನನಗೆ ಡ್ಯಾನಿಶ್ ಬರುತ್ತೆ. ‘ಮಾತಾಡಲು’ ಎಂಬ ಇನ್ನೊಂದು ಕ್ರಿಯಾಪದ ಬೇಡವೇ ಬೇಡ. ನಾನು ಇದನ್ನು ಕೇಳಿದ ದಿನ ಅಬ್ಬಾ, ಒಂದು ವಾಕ್ಯವಾದರೂ ನಮ್ಮ ಮನೆಯದು ಸಿಕ್ಕಿತಲ್ಲ ಅನ್ನಿಸಿತ್ತು. ಕಲಿತದ್ದು, ರೂಢಿಯಾದದ್ದು, ಇವತ್ತು ಮಾಡಿ ತೋರಿಸಬಲ್ಲದ್ದು, ಇವೆಲ್ಲ ‘ಕ್ಯಾನ್’.

‘ಹಾ ಡೆ ಈ ಸಾಯ್’ ಅದಲ್ಲ. ಅದು ಇನ್ನೂ ಮಾಡದಿರುವ ಅಥವಾ ಈಗಷ್ಟೇ ಮಾಡಿ ಎಲ್ಲರನ್ನೂ ಬೆರಗುಗೊಳಿಸಿದ ಕೆಲಸದ ಬಗ್ಗೆ. ಈಜು ಬಲ್ಲವನಿಗೆ ‘ಹಾನ್ ಕ್ಯಾನ್’ ಅಂತಾರೆ. ನೀರು ಕಂಡರೆ ಹೆದರುವವನು ಮಗುವನ್ನು ಉಳಿಸಲು ಕೆರೆಗೆ ಹಾರಿದರೆ, ಆಗ ‘ಹಾನ್ ಹ್ಯಾದ ಡೆ ಈ ಸಾಯ್’. ಮೊದಲನೆಯವನು ಕಲಿತದ್ದನ್ನು ಮಾಡಿದ. ಎರಡನೆಯವನ ಒಳಗೆ ಏನೋ ಮೊದಲೇ ಇತ್ತು.

ಹಾಗಾಗಿ ಕನ್ನಡದ ‘ಕೈಲಾಗುತ್ತೆ’ಯನ್ನು ನೇರವಾಗಿ ‘ಹಾ ಡೆ ಈ ಮಾಯ್’ ಮಾಡಬೇಡಿ. ‘ನಾಳೆ ಬೆಳಗ್ಗೆ ಬರೋಕ್ಕಾಗುತ್ತಾ?’ ಅಂತ ಸಹೋದ್ಯೋಗಿ ಕೇಳಿದರೆ ‘ಯಾಯ್ ಹಾ ಡೆ ಎಗ ಈ ಮಾಯ್’ ಅಂದರೆ, ಎಂಟು ಗಂಟೆಗೆ ಎದ್ದು ಬರುವ ಶಕ್ತಿ ನನ್ನ ಆತ್ಮದಲ್ಲೇ ಇಲ್ಲ ಅಂತಾಗುತ್ತದೆ. ಜನವರಿಯಲ್ಲಿ ಅದು ನಿಜವೇ ಇರಬಹುದು, ಆದರೂ ‘ಕ್ಯಾನ್ ಎಗ’ ಸಾಕು.

ನಿಜ ಜೀವನದಲ್ಲಿ ಇದನ್ನು ಎಲ್ಲಿ ಬಳಸುತ್ತಾರೆ?

ಮುಖ್ಯವಾಗಿ ಆಟದ ಮಾತಿನಲ್ಲಿ, ಮಕ್ಕಳ ಬಗ್ಗೆ, ಮತ್ತು ಯಾರಾದರೂ ಅನಿರೀಕ್ಷಿತವಾಗಿ ಏನಾದರೂ ಮಾಡಿದಾಗ.

ಆಟ ಅಂದ ಮೇಲೆ 1992ರ ಯುರೋಪಿಯನ್ ಫುಟ್‌ಬಾಲ್ ಚಾಂಪಿಯನ್‌ಶಿಪ್ ಹೇಳಲೇಬೇಕು. ಡೆನ್ಮಾರ್ಕ್ ಅದಕ್ಕೆ ಅರ್ಹತೆಯನ್ನೇ ಪಡೆದಿರಲಿಲ್ಲ. ಯುಗೋಸ್ಲಾವಿಯಾ ತಂಡವನ್ನು ಹೊರಗಿಟ್ಟಿದ್ದರಿಂದ ಕೊನೇ ಗಳಿಗೆಯಲ್ಲಿ ಕರೆ ಬಂತು. ಹೋದವರು ಜೂನ್ 26ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಜರ್ಮನಿಯನ್ನು 2-0 ಸೋಲಿಸಿ ಕಪ್ ಹೊತ್ತು ತಂದರು. ಮೊದಲ ಗೋಲು ಹೊಡೆದದ್ದು ಜಾನ್ ಜೆನ್ಸನ್, 18ನೇ ನಿಮಿಷದಲ್ಲಿ, ಪೆನಾಲ್ಟಿ ಅಂಗಳದ ಅಂಚಿನಿಂದ ಬಂದೂಕಿನ ಗುಂಡಿನಂಥ ಹೊಡೆತ. ಆತ ಗೋಲು ಹೊಡೆಯುವ ಆಟಗಾರನೇ ಅಲ್ಲ, ಮೈದಾನದ ಮಧ್ಯದಲ್ಲಿ ದುಡಿಯುವ ಮನುಷ್ಯ. ಅದೇ ವರ್ಷ ಲಂಡನ್ನಿನ ಆರ್ಸೆನಲ್ ಆತನನ್ನು ಕೊಂಡಿತು. ಅಲ್ಲಿದ್ದ ನಾಲ್ಕು ಸೀಸನ್‌ನಲ್ಲಿ ಆತ ಹೊಡೆದ ಗೋಲು ಒಂದೇ ಒಂದು. ಅಂದರೆ ಆ ಫೈನಲ್ಲಿನ ಹೊಡೆತ ಎಂಥದ್ದು ಅಂತ ಲೆಕ್ಕ ಹಾಕಿ. ‘ಹಾನ್ ಹ್ಯಾದ ಡೆ ಈ ಸಾಯ್’ ಎಂಬ ವಾಕ್ಯವನ್ನು ನನಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಬರುವುದಿಲ್ಲ. ಒಳಗಿತ್ತು, ಒಂದು ಸಂಜೆ ಹೊರಗೆ ಬಂತು.

ಬ್ಯಾಡ್ಮಿಂಟನ್ ಇಷ್ಟಪಡುವ ಕನ್ನಡಿಗರಿಗೆ ಇನ್ನೊಂದು ನಂಟು ಗೊತ್ತಿರುತ್ತದೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಆಮೇಲೆ ಕೆಲವು ವರ್ಷ ಡೆನ್ಮಾರ್ಕಿನಲ್ಲೇ ಇದ್ದು ಆಡಿದವರು. ಮಗಳು ದೀಪಿಕಾ ಹುಟ್ಟಿದ್ದೂ 1986ರಲ್ಲಿ ಕೋಪನ್‌ಹೇಗನ್‌ನಲ್ಲೇ. ಇಲ್ಲಿನ ವಯಸ್ಸಾದ ಬ್ಯಾಡ್ಮಿಂಟನ್ ಪ್ರಿಯರ ಎದುರು ‘ಬೆಂಗಳೂರಿನವಳು’ ಅಂತ ಹೇಳಿ ನೋಡಿ, ಮಾತು ಎಲ್ಲಿಗೆ ಹೋಗುತ್ತದೆ ಅಂತ.

ನನಗೆ ಈ ವಾಕ್ಯ ಸಿಕ್ಕಿದ್ದು ಆರ್ಹುಸ್‌ನಲ್ಲಿ, ಸಮುದ್ರದ ದಂಡೆಯಲ್ಲಿ. ಡೆನ್ಮಾರ್ಕಿನವರಿಗೆ ಚಳಿಗಾಲದಲ್ಲಿ ಸಮುದ್ರಕ್ಕಿಳಿಯುವ ಒಂದು ಹುಚ್ಚಿದೆ. ಆಫೀಸಿನ ಅರವತ್ತು ದಾಟಿದ ಹೆಂಗಸೊಬ್ಬರು ನನ್ನನ್ನು ಕರೆದುಕೊಂಡು ಹೋಗಿದ್ದರು. ಜನವರಿ, ನೀರು 3 ಅಥವಾ 4 ಡಿಗ್ರಿ. ಮರದ ಅಟ್ಟಣೆಯ ಮೇಲೆ ಹಿಮದ ತೆಳು ಪದರ, ಕಬ್ಬಿಣದ ಏಣಿ ಮುಟ್ಟಿದರೆ ಅಂಗೈ ಅಂಟಿಕೊಳ್ಳುವ ಹಾಗಿತ್ತು. ಅವರು ಕೊತ್ತಂಬರಿ ಸೊಪ್ಪು ತರಲು ಇಳಿದ ಹಾಗೆ ಇಳಿದು, ಎರಡು ಸುತ್ತು ಈಜಿ, ಮೇಲೆ ಬಂದರು. ನಾನು ಏಣಿಯ ಎರಡನೇ ಮೆಟ್ಟಿಲಲ್ಲಿ ‘ಅಯ್ಯಯ್ಯಯ್ಯೋ’ ಅಂತ ಕೂಗುತ್ತ ನಿಂತಿದ್ದೆ. ಆಮೇಲೆ ಅದೇನಾಯಿತೋ, ಕಣ್ಣು ಮುಚ್ಚಿ ಕುತ್ತಿಗೆಯವರೆಗೂ ಇಳಿದೆ. ಹತ್ತು ಎಣಿಸಿದೆ, ಕನ್ನಡದಲ್ಲೇ. ಹೊರಗೆ ಬಂದಾಗ ಮೈ ಬೇಯಿಸಿದ ಬೀಟ್‌ರೂಟ್ ಬಣ್ಣ. ಅವರು ಟವೆಲ್ ಹೊದಿಸುತ್ತ ಮೆಲ್ಲಗೆ ಹೇಳಿದ್ದು: ‘ಯಾಯ್ ಟ್ರೋದ ಎಗ, ಡು ಹ್ಯಾದ ಡೆ ಈ ಡಾಯ್.’ ಪುಸ್ತಕದಲ್ಲಿ ಹತ್ತು ಸಲ ಓದಿದ್ದ ವಾಕ್ಯ. ಆವತ್ತು ಮೊದಲ ಸಲ ಅರ್ಥವಾಯಿತು.

‘ನಿನ್ನಲ್ಲಿ ಇದೆ ಅಂದುಕೊಂಡಿರಲಿಲ್ಲ’ ಅನ್ನುವುದು ಹೊಗಳಿಕೆಯೋ, ಚುಚ್ಚುಮಾತೋ?

ಎರಡೂ. ನಾವು ‘ಪರವಾಗಿಲ್ವೇ!’ ಅಂತ ಹುಬ್ಬೇರಿಸಿ ಹೇಳುತ್ತೇವಲ್ಲ, ಅದೇ ಧಾಟಿ. ಹೇಳಿದವರು ಯಾರು, ನಗು ಯಾವ ಥರದ್ದು ಅನ್ನುವುದರ ಮೇಲೆ ನಿಂತಿದೆ. ಸ್ನೇಹಿತರು ಹೇಳಿದರೆ ಖುಷಿಪಡಿ. ಮೀಟಿಂಗಿನಲ್ಲಿ ಎರಡು ವರ್ಷ ನಿಮ್ಮ ಮಾತಿಗೆ ಕಿವಿಗೊಡದ ಮನುಷ್ಯ ಹೇಳಿದರೆ, ಇಷ್ಟು ದಿನ ನನ್ನನ್ನು ಏನೆಂದುಕೊಂಡಿದ್ದಿರಿ ಅಂತ ಒಳಗೊಳಗೇ ಕೇಳಿಕೊಳ್ಳುವ ಹಕ್ಕು ನಿಮಗಿದೆ. ಆದರೂ ಡೆನ್ಮಾರ್ಕಿನವರು ಹೊಗಳಿಕೆಯಲ್ಲಿ ಜಿಪುಣರು. ಅವರ ಬಾಯಲ್ಲಿ ‘ಕೆಟ್ಟದಾಗಿಲ್ಲ’ ಅಂದರೆ ಭೇಷ್ ಅಂತ ಅರ್ಥ. ಆ ಲೆಕ್ಕದಲ್ಲಿ ಇದು ದೊಡ್ಡ ಮಾತೇ.

‘ವೊಡ್ಯಾನ್ ಹಾ ಡು ಡೆ?’ ಅಂತ ದಿನಾ ಕೇಳುತ್ತಾರಲ್ಲ, ಅದರಲ್ಲೂ ‘ಹಾ ಡೆ’ ಇದೆ. ಏನು ಸಂಬಂಧ?

ಅದು ‘ಹೇಗಿದ್ದೀಯ?’ ‘ಯಾಯ್ ಹಾ ಡೆ ಗಾಟ್’ ಅಂದರೆ ಚೆನ್ನಾಗಿದ್ದೇನೆ. ಬಿಡಿಬಿಡಿಯಾಗಿ ನೋಡಿದರೆ ‘ನೀನು ಅದನ್ನು ಹೇಗೆ ಹೊಂದಿದ್ದೀಯ?’ ‘ನಾನು ಅದನ್ನು ಚೆನ್ನಾಗಿ ಹೊಂದಿದ್ದೇನೆ.’ ಇಲ್ಲಿಯೂ ‘ಅದು’ ಏನು ಅಂತ ಯಾರೂ ಹೇಳುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಕೊನೆಯ ‘ಈ ಡಾಯ್’ ಮಾತ್ರ.

ನಾನು ಮಾಡಿದ ಎಡವಟ್ಟು: ತರಗತಿಯಲ್ಲಿ ಮೌಖಿಕ ಪರೀಕ್ಷೆಗೆ ಮುಂಚೆ ಹೆದರಿ ಕೂತಿದ್ದಾಗ ಟೀಚರ್ ಬೆನ್ನು ತಟ್ಟಿ ‘ಡು ಹಾ ಡೆ ಈ ಡಾಯ್’ ಅಂದರು. ನನ್ನ ಕಿವಿಗೆ ಬಿದ್ದದ್ದು ‘ಹಾ ಡು ಡೆ’ ಅಷ್ಟೇ. ‘ಯಾಯ್ ಹಾ ಡೆ ಗಾಟ್, ಟಾಕ್’ ಅಂದೆ. ಚೆನ್ನಾಗಿದ್ದೀನಿ, ಥ್ಯಾಂಕ್ಸ್. ಅವರು ನಕ್ಕು ಸುಮ್ಮನಾದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ, ಮೂರು ಸ್ಟಾಪ್ ಕಳೆದ ಮೇಲೆ ಹೊಳೆಯಿತು.

‘ಈ ಸಾಯ್ ಸೆಲ್’ ಅಂತಲೂ ಕೇಳುತ್ತೀರಿ. ಅದು ‘ತನ್ನಷ್ಟಕ್ಕೆ ತಾನೇ’. ‘ಈ ಓ ಫಾ ಸಾಯ್’ ಅಂದರೆ ‘ಒಂದು ಲೆಕ್ಕದಲ್ಲಿ ಹೌದು’. ಇವಕ್ಕೂ ತಾಕತ್ತಿಗೂ ಸಂಬಂಧವಿಲ್ಲ.

ನನ್ನ ಬಗ್ಗೆ ನಾನೇ ‘ಯಾಯ್ ಹಾ ಡೆ ಈ ಮಾಯ್’ ಅನ್ನಬಹುದೇ?

ವ್ಯಾಕರಣ ಬಿಡುತ್ತದೆ, ಊರು ಬಿಡುವುದಿಲ್ಲ. ಕೆಲಸದ ಸಂದರ್ಶನದಲ್ಲಿ ಅಮೆರಿಕದ ಧಾಟಿಯಲ್ಲಿ ಎದೆ ತಟ್ಟಿಕೊಂಡರೆ ಎದುರಿನವರು ಕಾಫಿ ಕಪ್ಪಿನೊಳಗೆ ನೋಡುತ್ತಾರೆ. ಇದರ ಹಿಂದೆ ‘ಯಾಂಟೆಲೊವೆನ್’ ಎಂಬ ಮಾತಿದೆ. ಯಾಂಟೆ ಎಂಬ ಊರಿನ ಕಾನೂನು ಅಂತ ಅರ್ಥ. ಅದು ಕಲ್ಪಿತ ಊರು. 1933ರ ಕಾದಂಬರಿಯೊಂದರಲ್ಲಿ ಆಕ್ಸೆಲ್ ಸಾಂಡೆಮೋಸೆ ತಾನು ಹುಟ್ಟಿದ ಮೋರ್ಸ್ ದ್ವೀಪದ ಪುಟ್ಟ ಪಟ್ಟಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಹತ್ತು ಕಟ್ಟಳೆಗಳು ಅವು. ಮೊದಲನೆಯ ಕಟ್ಟಳೆಯ ತಾತ್ಪರ್ಯ: ನೀನು ಏನೋ ದೊಡ್ಡದು ಅಂದುಕೊಳ್ಳಬೇಡ. ಆತ ಬರೆದದ್ದು ವ್ಯಂಗ್ಯವಾಗಿ, ಊರಿನ ಉಸಿರುಗಟ್ಟಿಸುವ ಕಣ್ಣುಗಳ ಬಗ್ಗೆ. ಈಗ ಜನ ಅದನ್ನು ತಮ್ಮ ಸ್ವಭಾವ ವಿವರಿಸಲು ಬಳಸುತ್ತಾರೆ, ಒಮ್ಮೊಮ್ಮೆ ಬೈಯಲು, ಒಮ್ಮೊಮ್ಮೆ ಹೆಮ್ಮೆಯಿಂದ.

‘ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು’ ನಮ್ಮಲ್ಲೂ ಒಳ್ಳೆಯ ಮಾತೇನಲ್ಲ. ಹಾಗಾಗಿ ಈ ವಿಷಯದಲ್ಲಿ ಹೊಸದಾಗಿ ಕಲಿಯುವುದು ಏನೂ ಇಲ್ಲ. ಇಲ್ಲ ಅನ್ನುವುದಕ್ಕೆ, ಹೌದಾ ಅಂತ ಅನುಮಾನಿಸುವುದಕ್ಕೆ ಧಾರಾಳವಾಗಿ ಬಳಸಿ. ಇದೆ ಅನ್ನುವುದನ್ನು ಬೇರೆಯವರಿಗೆ ಬಿಡಿ.

ಇದೇ ಥರದ ಬೇರೆ ನುಡಿಗಟ್ಟುಗಳು?

ಇವೆ, ಮತ್ತು ಇದಕ್ಕಿಂತ ಬಣ್ಣದವು. ‘ಬೇನ್ ಈ ನೇಸನ್’, ಮೂಗಿನಲ್ಲಿ ಮೂಳೆ. ‘ಹುನ್ ಹಾ ಬೇನ್ ಈ ನೇಸನ್’ ಅಂದರೆ ಅವಳು ಗಟ್ಟಿಗಿತ್ತಿ, ಯಾರಿಗೂ ಜಗ್ಗುವವಳಲ್ಲ. ಬೇನ್ ಅಂದರೆ ಕಾಲೂ ಹೌದು, ಮೂಳೆಯೂ ಹೌದು, ಆದ್ದರಿಂದ ನನ್ನ ಗೆಳತಿಯೊಬ್ಬಳು ಒಂದು ವರ್ಷ ಇದನ್ನು ‘ಮೂಗಿನಲ್ಲಿ ಕಾಲು’ ಅಂತಲೇ ತಿಳಿದಿದ್ದಳು. ಸ್ವೀಡನ್, ನಾರ್ವೆಯವರೂ ಇದೇ ಮೂಳೆಯನ್ನು ಮೂಗಿನಲ್ಲೇ ಇಡುತ್ತಾರೆ. ನಾವು ಗಟ್ಟಿತನವನ್ನು ಎದೆಯಲ್ಲಿ, ಗುಂಡಿಗೆಯಲ್ಲಿ ಇಟ್ಟವರು. ಮೂಗಿನ ತುದಿಯಲ್ಲಿ ನಮಗಿರುವುದು ಕೋಪ.

‘ಈಸ್ ಈ ಮೇವನ್’ ಅಂದರೆ ಹೊಟ್ಟೆಯಲ್ಲಿ ಮಂಜುಗಡ್ಡೆ. ಒತ್ತಡದಲ್ಲೂ ತಣ್ಣಗೆ, ಅವಸರಪಡದೆ ಕಾಯುವವರ ಬಗ್ಗೆ ಹೇಳುವ ಮಾತು. ಶೇರು ಬಿದ್ದಾಗ, ಮನೆ ಕೊಳ್ಳುವಾಗ, ಪೆನಾಲ್ಟಿ ಒದೆಯುವಾಗ ಕೇಳಿಸುತ್ತದೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸಿಸಿಕೊಂಡು ಬೆಳೆದ ನಮಗೆ ಇದು ಪರಿಚಿತ ಅನ್ನಿಸುತ್ತದೆ, ಆದರೆ ಮೋಸಹೋಗಬೇಡಿ. ನಮ್ಮದು ಸುಖದ ತಂಪು, ಅವರದು ಧೈರ್ಯದ ತಂಪು.

‘ಈ ಬ್ಲೋದೆದ್’ ಅಂದರೆ ರಕ್ತದಲ್ಲಿ. ಸಂಗೀತ ಅವಳ ರಕ್ತದಲ್ಲೇ ಇದೆ, ಅಕ್ಷರಶಃ ನಮ್ಮದೇ. ‘ಕ್ರುಟ್’ ಅಂದರೆ ಸಿಡಿಮದ್ದು. ಯಾರೊಳಗಾದರೂ ಕ್ರುಟ್ ಇದೆ ಅಂದರೆ ಚೂಟಿ, ಒಂದು ಕಡೆ ನಿಲ್ಲದ ಹುಮ್ಮಸ್ಸು. ಮೂರು ವರ್ಷದ ಮಕ್ಕಳ ತಂದೆತಾಯಿ ಇದನ್ನು ಹೇಳುವಾಗ ಮುಖದಲ್ಲಿ ಹೆಮ್ಮೆಗಿಂತ ಸುಸ್ತು ಜಾಸ್ತಿ.

ಬಾಸ್‌ಗೆ, ವಯಸ್ಸಾದವರಿಗೆ ‘ಡು ಹಾ ಡೆ ಈ ಡಾಯ್’ ಅನ್ನಬಹುದಾ? ‘ನೀನು’ ಅಂದ ಹಾಗಾಗುವುದಿಲ್ಲವೇ?

ಆಗುತ್ತದೆ, ಮತ್ತು ಎಲ್ಲರೂ ಹಾಗೇ ಅನ್ನುತ್ತಾರೆ. ಬಹುವಚನದ ಗೌರವರೂಪ ಒಂದಿದೆ, ಆದರೆ ದಿನಬಳಕೆಯಿಂದ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ರಾಜಮನೆತನದವರ ಎದುರು ಇನ್ನೂ ಬೇಕಾಗುತ್ತದಂತೆ, ನನಗೆ ಆ ಸಂದರ್ಭ ಬಂದಿಲ್ಲ. ಡೈರೆಕ್ಟರಿಗೂ ಡು, ಡಾಕ್ಟರಿಗೂ ಡು, ಬಸ್ ಡ್ರೈವರಿಗೂ ಡು. ನಾಲಿಗೆಗೆ ಕಷ್ಟವೇನಿಲ್ಲ, ಕಷ್ಟವಾಗುವುದು ಮನಸ್ಸಿಗೆ. ನಾನು ಮೊದಲ ವರ್ಷ ‘ಡು’ ಅಂದಾಗಲೆಲ್ಲ ತಲೆ ಸ್ವಲ್ಪ ಬಗ್ಗಿಸುತ್ತಿದ್ದೆ, ಲೆಕ್ಕ ಸರಿಹೋಗಲಿ ಅಂತ.

ಕನ್ನಡಕ್ಕೆ ತರುವಾಗ ಮಾತ್ರ ನೀವೇ ತೀರ್ಮಾನಿಸಬೇಕು. ಅತ್ತೆಯವರಿಗೆ ‘ನಿಮ್ಮಲ್ಲಿ ಇಷ್ಟು ಇದೆ ಅಂತ ಗೊತ್ತಿರಲಿಲ್ಲ’ ಅನ್ನಬೇಕೋ ಬೇಡವೋ ಎಂಬುದು ಭಾಷೆಯ ಪ್ರಶ್ನೆಯಲ್ಲ.

ಕೆಟ್ಟ ಗುಣಕ್ಕೂ ಹೇಳುತ್ತಾರಾ?

ಹೇಳುತ್ತಾರೆ. ಸಿಟ್ಟು, ಕ್ರೌರ್ಯ ಒಳಗಿದೆ ಅಂತ ಹೇಳಬಹುದು, ಆದರೆ ಆಗ ‘ಡೆ’ ಜಾಗದಲ್ಲಿ ಆ ಗುಣದ ಹೆಸರನ್ನೇ ಹೇಳುವುದು ರೂಢಿ. ಬರೀ ‘ಡೆ’ ಅಂದರೆ ಸಾಮಾನ್ಯವಾಗಿ ಒಳ್ಳೆಯದೇ.

ಭಾಷಾ ಪರೀಕ್ಷೆಯಲ್ಲಿ ಇದು ಉಪಯೋಗಕ್ಕೆ ಬರುತ್ತದಾ?

ಇದೊಂದೇ ಗೊತ್ತಿದ್ದರೆ ಯಾರೂ ಪಾಸ್ ಮಾಡುವುದಿಲ್ಲ. ಡ್ಯಾನಿಶ್ ಪರೀಕ್ಷೆ 1, 2, 3 ಅಂತ ಮೂರು ಹಂತ ಇವೆ. ಮೂರನೆಯದು ಯುರೋಪಿನ ಭಾಷಾ ಮಾಪಕದಲ್ಲಿ ಬಿ2, ಅಂದರೆ ಯಾರ ಸಹಾಯವಿಲ್ಲದೆ ಮಾತಾಡಿ ಬರೆಯಬಲ್ಲ ಮಟ್ಟ. ಆ ಹಂತದ ಮೌಖಿಕದಲ್ಲಿ ಒಂದು ನುಡಿಗಟ್ಟು ಸರಿಯಾದ ಜಾಗದಲ್ಲಿ ಬಂದರೆ ಚೆನ್ನ, ಬಲವಂತವಾಗಿ ತುರುಕಿದರೆ ಬೇಡ.

ಅಭ್ಯಾಸ ಹೇಗೆ ಮಾಡಲಿ?

ಡ್ಯಾನಿಶ್ ಭಾಷಾ ಮತ್ತು ಸಾಹಿತ್ಯ ಸಂಸ್ಥೆಯ ದೊಡ್ಡ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಪದದ ಕೆಳಗೆ ನುಡಿಗಟ್ಟುಗಳನ್ನು ಬೇರೆಯಾಗಿ ಪಟ್ಟಿ ಮಾಡಿರುತ್ತಾರೆ, ಉಚ್ಚಾರವನ್ನು ಒತ್ತಿ ಕೇಳಬಹುದು. ‘ಹ್ಯಾ’ ಪದದ ಪುಟ ತೆರೆದರೆ ಮುಗಿಯುವುದೇ ಇಲ್ಲ, ಹೆದರಬೇಡಿ. ಆಮೇಲೆ ಆಟದ ಕಾಮೆಂಟರಿ ಕೇಳಿ. ಬರೀ ಓದಿ ಕಲಿತರೆ ನೀವು ‘ಸಿಗ್’ ಅನ್ನುತ್ತೀರಿ, ಬರೀ ಕೇಳಿ ಕಲಿತರೆ ಬರೆಯುವಾಗ ಎಸ್-ಎ-ವೈ ಬರೆಯುತ್ತೀರಿ. ಎರಡೂ ಒಟ್ಟಿಗೆ ನಡೆಯಬೇಕು. ನಾನು ಒಂದು ಕಾಗದದ ಮೇಲೆ ಎಡಗಡೆ ಡ್ಯಾನಿಶ್ ಅಕ್ಷರ, ಬಲಗಡೆ ಕನ್ನಡದ ಸದ್ದು ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಮನೆಗೆ ಬಂದ ಡ್ಯಾನಿಶ್ ಅತಿಥಿ ಬಲಗಡೆಯದನ್ನು ನೋಡಿ, ಇಷ್ಟು ಚೆಂದದ ಲಿಪಿಯಲ್ಲಿ ನಮ್ಮ ಕೊಳಕು ಸದ್ದು ಯಾಕೆ ಬರೆದೆ ಅಂದ.

ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಇಲ್ಲವೇ?

ಹತ್ತಿರದವು ಹಲವು ಇವೆ. ‘ಎಲೆಮರೆಯ ಕಾಯಿ’ ಅನ್ನಬಹುದು, ಆದರೆ ಅದು ಜನ ಗುರುತಿಸದೆ ಹೋದವರ ಬಗ್ಗೆ, ಈ ನುಡಿಗಟ್ಟು ತನಗೇ ಗೊತ್ತಿಲ್ಲದ ಶಕ್ತಿಗೂ ಸಲ್ಲುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲೇ’ ಅನ್ನುವುದು ಮಕ್ಕಳಿಗೆ ಸರಿ, ನಲವತ್ತು ದಾಟಿ ಚಳಿಯ ಸಮುದ್ರಕ್ಕೆ ಇಳಿದವಳಿಗೆ ಅಲ್ಲ. ‘ದಮ್ಮಿದೆ’ ಅನ್ನುವುದು ಬೀದಿಯಲ್ಲಿ ಚೆನ್ನಾಗಿ ಓಡುತ್ತದೆ.

ಆವತ್ತು ಮನೆಗೆ ಬಂದು, ಎರಡು ಲೋಟ ಶುಂಠಿ ಕಾಫಿ ಕುಡಿದು, ತುಮಕೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನೀರಿನ ಚಳಿ, ಏಣಿ, ಆ ಹೆಂಗಸು ಹೇಳಿದ ಮಾತು. ಡ್ಯಾನಿಶ್ ವಾಕ್ಯವನ್ನೂ ಹೇಳಿ ಬಿಡಿಸಿ ಹೇಳಿದೆ: ‘ನಿನ್ನ ಒಳಗೆ ಅದು ಇತ್ತು’ ಅಂತ ಅಂದರು, ಅಮ್ಮ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಯ್ಯೋ ನಿನ್ನ! ನಿನ್ನ ಕೈಲಿ ಅದೂ ಆಯ್ತೇನೇ?’ ಅಂದಳು. ಆ ಹೆಂಗಸು ಹೇಳಿದ್ದೂ ಅದನ್ನೇ. ಅಮ್ಮ ಮಾತ್ರ ಅಲ್ಲಿಗೇ ನಿಲ್ಲಿಸದೆ, ‘ತಲೆ ಸರಿಯಾಗಿ ಒರೆಸ್ಕೊಂಡ್ಯಾ?’ ಅಂತಲೂ ಕೇಳಿದಳು.